ಪ್ರೊಸೀಜರ್‌ಗಳಲ್ಲಿ ಜಾಗ ಹಿಡಿಯುವ ಡೇಟಾಸೆಟ್: ಡಮ್ಮಿ ಎಲ್ಲಿ ಸಾಕು, ಎಲ್ಲಿ ಸಾಲದು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ, ನಾಗವಾರದ ಕಡೆಯ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಬ್ಯಾಚ್ ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಜೆಸಿಎಲ್ (ಯಾವ ಪ್ರೋಗ್ರಾಮನ್ನು ಯಾವ ಕಡತಗಳೊಂದಿಗೆ ಓಡಿಸಬೇಕೆಂದು ಮೇನ್‌ಫ್ರೇಮ್‌ಗೆ ಹೇಳುವ ಭಾಷೆ) ಕಲಿಯುವುದು ಪುಸ್ತಕದಿಂದಲ್ಲ, ಹಿರಿಯರು ಬರೆದಿಟ್ಟ ಜಾಬ್ ಒಂದನ್ನು ನಕಲು ಮಾಡಿ, ಹೆಸರು ತಿದ್ದಿ, ಸಬ್ಮಿಟ್ ಮಾಡುವುದರಿಂದ. ಹಾಗೆ ಕಲಿಯುವಾಗ ಮೊದಲ ವಾರದಲ್ಲೇ ಕಣ್ಣಿಗೆ ಬೀಳುವ ಪದ ಡಮ್ಮಿ. ಅದು ಎಲ್ಲೆಡೆ ಇರುತ್ತದೆ, ಕೇಳಿದರೆ "ಆ ಫೈಲ್ ಬೇಡ ಅಂತ ಅರ್ಥ" ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಂದೇ ಜಾಬ್‌ನ ಮಟ್ಟಿಗೆ ಆ ಉತ್ತರ ಸಾಕು. ಆದರೆ ಹತ್ತಾರು ಜಾಬ್‌ಗಳು ಕರೆಯುವ ಪ್ರೊಸೀಜರ್ (ಒಮ್ಮೆ ಬರೆದಿಟ್ಟು ಮತ್ತೆ ಮತ್ತೆ ಬಳಸುವ ಜೆಸಿಎಲ್ ಸಾಲುಗಳ ಗುಂಪು) ಒಂದನ್ನು ಬರೆಯುವಾಗ ಅದು ಸಾಲದು. ಈ ಬರಹ ಪ್ರೊಸೀಜರ್ ಬರೆಯಲು ಕುಳಿತವರಿಗಾಗಿ.

ಒಂದು ಸೂಚನೆ: ಇಲ್ಲಿನ ಜೆಸಿಎಲ್ ಸಾಲುಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಪರದೆಯ ಮೇಲೆ ಅವನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, 71ನೆಯ ಕಾಲಮ್ ದಾಟದಂತೆ ಟೈಪ್ ಮಾಡಬೇಕು.

ಸಮಸ್ಯೆ ಹುಟ್ಟುವುದು ಹೀಗೆ. ಪ್ರೋಗ್ರಾಮ್ ಒಂದು ಕಡತವನ್ನು ಓಪನ್ ಮಾಡುತ್ತದೆ ಎಂದಾದರೆ ಆ ಹೆಸರಿನ ಡಿಡಿ ಸಾಲು (ಕಡತ ಯಾವುದೆಂದು ಹೇಳುವ ಜೆಸಿಎಲ್ ಸಾಲು) ಸ್ಟೆಪ್‌ನಲ್ಲಿ, ಅಂದರೆ ಜಾಬ್‌ನಲ್ಲಿ ಆ ಪ್ರೋಗ್ರಾಮನ್ನು ಓಡಿಸುವ ಭಾಗದಲ್ಲಿ, ಇರಲೇಬೇಕು. ಆದರೆ ಪ್ರೊಸೀಜರನ್ನು ಕರೆಯುವ ಪ್ರತಿಯೊಂದು ಜಾಬ್‌ಗೂ ಆ ಕಡತದ ಅಗತ್ಯ ಇರುವುದಿಲ್ಲ. ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ. ಜಯನಗರ, ಮಲ್ಲೇಶ್ವರ, ಯಶವಂತಪುರ ಶಾಖೆಗಳಿಂದ ದಿನದ ವಹಿವಾಟಿನ ಮೂರು ಕಡತಗಳು ಬರುತ್ತವೆ. ರಾತ್ರಿಯ ಪೋಸ್ಟಿಂಗ್ ಜಾಬ್ ಅವನ್ನು ಒಂದರ ಹಿಂದೆ ಒಂದರಂತೆ ಓದುತ್ತದೆ. ಜೊತೆಗೆ ತಿದ್ದುಪಡಿಗಳ ಕಡತವೊಂದು ಇದೆ, ಅದು ಕೆಲವು ದಿನ ಮಾತ್ರ ಬರುತ್ತದೆ. ತಿದ್ದುಪಡಿ ಇರುವ ದಿನಕ್ಕೊಂದು, ಇಲ್ಲದ ದಿನಕ್ಕೊಂದು ಪ್ರೊಸೀಜರ್ ಬರೆದಿಟ್ಟರೆ ಆರು ತಿಂಗಳಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ಆದ್ದರಿಂದ ಪ್ರೊಸೀಜರ್ ಒಂದೇ ಇರಬೇಕು, ಕಡತ ಇಲ್ಲದ ದಿನ ಅದರ ಜಾಗವನ್ನು ಇನ್ನೇನೋ ಹಿಡಿದುಕೊಂಡಿರಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುತ್ತಾರಲ್ಲ, ಆ ಕೆಲಸವನ್ನು ಇಲ್ಲಿ ಮಾಡುವುದು ಜಾಗ ಹಿಡಿಯುವ ಡೇಟಾಸೆಟ್ (ಮೇನ್‌ಫ್ರೇಮ್‌ನಲ್ಲಿ ಕಡತವನ್ನು ಕರೆಯುವುದೇ ಹೀಗೆ).

ಡಮ್ಮಿ ನಿಜವಾಗಿ ಮಾಡುವುದೇನು

ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಯಂತ್ರಮಾಲೆಯನ್ನು ಪ್ರಕಟಿಸಿತು. ಅದರ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಬಂದ ಜೆಸಿಎಲ್‌ನ ಮೂಲ ವ್ಯಾಕರಣವೇ ಇಂದಿನ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನಲ್ಲೂ ಮುಂದುವರಿದಿದೆ. ಡಿಡಿ ಸಾಲಿನಲ್ಲಿ ಡಮ್ಮಿ ಎಂದು ಬರೆದರೆ ವ್ಯವಸ್ಥೆ ಆ ಹೆಸರಿಗೆ ಯಾವ ಸಾಧನವನ್ನೂ, ಡಿಸ್ಕ್ ಜಾಗವನ್ನೂ ಹಂಚುವುದಿಲ್ಲ, ಕಡತವನ್ನು ಉಳಿಸಬೇಕೋ ಅಳಿಸಬೇಕೋ ಎಂದು ಹೇಳುವ ಡಿಸ್ಪ್ ಸೂಚನೆಯನ್ನು ನಡೆಸುವುದೂ ಇಲ್ಲ. ಪ್ರೋಗ್ರಾಮ್ ಅದಕ್ಕೆ ಬರೆದರೆ ಬರಹವನ್ನು ಸ್ವೀಕರಿಸಿದಂತೆ ಮಾಡಿ ದತ್ತಾಂಶವನ್ನು ಎಲ್ಲಿಗೂ ಕಳಿಸುವುದಿಲ್ಲ. ಓದಲು ಹೊರಟರೆ ಮೊದಲ ಓದಿನಲ್ಲೇ ಕಡತ ಮುಗಿಯಿತು ಎನ್ನುತ್ತದೆ. ಡಿಎಸ್‌ಎನ್=ನಲ್‌ಫೈಲ್ ಎಂದು ಬರೆದರೂ ಪರಿಣಾಮ ಇದೇ. ಡಮ್ಮಿ ಜೊತೆ ಬರೆದ ಉಳಿದ ಪ್ಯಾರಾಮೀಟರ್‌ಗಳು ಬಳಕೆಯಾಗದಿದ್ದರೂ ಅವುಗಳ ವ್ಯಾಕರಣವನ್ನು ಪರೀಕ್ಷಿಸಲಾಗುತ್ತದೆ. ಆದ್ದರಿಂದ ಡಮ್ಮಿ ಸಾಲಿನಲ್ಲೇ ಅಲ್ಪವಿರಾಮ ತಪ್ಪಿ ಜೆಸಿಎಲ್ ಎರರ್ ಬಂದರೆ ಅಚ್ಚರಿಪಡಬೇಕಿಲ್ಲ.

ಡಮ್ಮಿ ಯಾವ ಚಿಂತೆಯೂ ಇಲ್ಲದೆ ನಡೆಯುವ ಜಾಗಗಳು ಹಲವು. ಕಡತ ನಕಲು ಮಾಡುವ ಐಇಬಿಜೆನರ್ ಪ್ರೋಗ್ರಾಮ್‌ಗೆ ನಿಯಂತ್ರಣ ಸಾಲುಗಳು ಇಲ್ಲದಿದ್ದಾಗ, ಅವು ಬರಬೇಕಾದ ಸಿಸ್‌ಇನ್‌ಗೆ ಡಮ್ಮಿ ಹಾಕುವುದು ಎಲ್ಲರೂ ಮಾಡುವ ಕೆಲಸ. ಬೇಡದ ವರದಿಯ ಔಟ್‌ಪುಟ್ ನಿಲ್ಲಿಸುವುದಕ್ಕೂ, ಪರೀಕ್ಷೆಯ ವೇಳೆ ಪ್ರೋಗ್ರಾಮ್ ಬರೆಯುವ ಒಂದು ಕಡತವನ್ನು ತಡೆಯುವುದಕ್ಕೂ ಅದೇ ಸರಿಯಾದ ಸಾಧನ. ಆದರೆ ಆ ಕಡತವನ್ನು ಮುಂದಿನ ಸ್ಟೆಪ್ ಓದುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಏಕೆಂದರೆ ಡಮ್ಮಿಗೆ ಬರೆದದ್ದು ಮತ್ತೆ ಸಿಗುವುದಿಲ್ಲ. ವಿಸ್ಯಾಮ್ ಎಂಬ ಬೇರೆ ಬಗೆಯ ಕಡತದ ಜಾಗದಲ್ಲಿ ಡಮ್ಮಿ ಹಾಕುವಾಗ ಎಎಂಪಿ=ಎಎಂಓಆರ್‌ಜಿ ಎಂಬುದನ್ನೂ ಸೇರಿಸಬೇಕು.

ಪ್ರೊಸೀಜರ್‌ನಲ್ಲಿ ನಲ್‌ಫೈಲ್ ರೂಪ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಡಮ್ಮಿ ಎಂಬುದು ಡಿಡಿಯ ನಂತರ ಮೊದಲ ಸ್ಥಾನದಲ್ಲೇ ಕೂರುವ ಪದ, ಆದರೆ ನಲ್‌ಫೈಲ್ ಡೇಟಾಸೆಟ್ ಹೆಸರಿನ ಜಾಗದಲ್ಲಿ ಕೂರುತ್ತದೆ. ಹಾಗಾಗಿ ಸಿಂಬಾಲಿಕ್ ಪ್ಯಾರಾಮೀಟರ್‌ನ (ಕರೆಯುವ ಜಾಬ್ ತನ್ನ ಬೆಲೆ ತುಂಬಬಹುದಾದ ಹೆಸರಿನ) ಪೂರ್ವನಿಗದಿತ ಬೆಲೆಯಾಗಿ ಅದನ್ನು ಇಡಬಹುದು:

//ಪೋಸ್ಟ್ ಪ್ರಾಕ್ ತಿದ್ದು=ನಲ್‌ಫೈಲ್
//ಎಸ್1 ಎಕ್ಸೆಕ್ ಪಿಜಿಎಂ=ಪೋಸ್ಟಿಂಗ್
//ಅಡ್ಜಸ್ಟ್ ಡಿಡಿ ಡಿಎಸ್‌ಎನ್=&ತಿದ್ದು,ಡಿಸ್ಪ್=ಎಸ್‌ಎಚ್‌ಆರ್

ತಿದ್ದುಪಡಿ ಇಲ್ಲದ ದಿನ ಜಾಬ್ ಈ ಪ್ರೊಸೀಜರನ್ನು ಸುಮ್ಮನೆ ಕರೆಯುತ್ತದೆ. ಇರುವ ದಿನ ಎಕ್ಸೆಕ್ ಸಾಲಿನಲ್ಲಿ ತಿದ್ದು= ಎಂದು ಬರೆದು ನಿಜವಾದ ಡೇಟಾಸೆಟ್‌ನ ಹೆಸರು ಕೊಡುತ್ತದೆ. ನಲ್‌ಫೈಲ್ ಹೆಸರು ಒಂಟಿಯಾಗಿಯೇ ಇರಬೇಕು. ಅದರ ಹಿಂದೆಯೋ ಮುಂದೆಯೋ ಚುಕ್ಕಿ ಇಟ್ಟು ಬೇರೆ ಭಾಗ ಸೇರಿಸಿದರೆ ಅದು ಸಾಮಾನ್ಯ ಡೇಟಾಸೆಟ್ ಹೆಸರಾಗಿಬಿಡುತ್ತದೆ, ವ್ಯವಸ್ಥೆ ಅದನ್ನು ಕ್ಯಾಟಲಾಗ್‌ನಲ್ಲಿ ಹುಡುಕಲು ಹೊರಡುತ್ತದೆ.

ಬ್ಲಾಕ್ ಗಾತ್ರದ ತೊಡಕು

ಮೇಲಿನ ಮೂರು ಸಾಲುಗಳಲ್ಲಿ ಒಂದು ಲೋಪ ಉಳಿದಿದೆ, ಅದನ್ನು ತುಸು ವಿವರವಾಗಿ ನೋಡಬೇಕು. ಸಾಮಾನ್ಯವಾಗಿ ರೆಕಾರ್ಡ್‌ನ ಉದ್ದ, ಬ್ಲಾಕ್‌ನ ಗಾತ್ರ ಮುಂತಾದ ಗುಣಗಳು ಡೇಟಾಸೆಟ್‌ನ ಲೇಬಲ್‌ನಿಂದ ಬರುತ್ತವೆ. ಡಮ್ಮಿಗೆ ಲೇಬಲ್ ಇಲ್ಲ. ಕೋಬಾಲ್ ಪ್ರೋಗ್ರಾಮ್‌ನಲ್ಲಿ ಕಡತವನ್ನು ವಿವರಿಸುವ ಎಫ್‌ಡಿಯಲ್ಲಿ ಬ್ಲಾಕ್ ಕಂಟೇನ್ಸ್ 0 ಎಂದು ಬರೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಅದರ ಅರ್ಥ "ಬ್ಲಾಕ್ ಗಾತ್ರವನ್ನು ಹೊರಗಿನಿಂದ ತಿಳಿದುಕೊ" ಎಂದು. ಹೊರಗೆ ಡಮ್ಮಿ ಇದ್ದು, ಅದರ ಸಾಲಿನಲ್ಲೂ ಗಾತ್ರ ಕೊಡದಿದ್ದರೆ ಓಪನ್ ಹಂತದಲ್ಲಿ ಎಸ್013 ಅಬೆಂಡ್ (ಪ್ರೋಗ್ರಾಮ್ ನಡುವೆಯೇ ಮುರಿದುಬೀಳುವುದು), 10 ಎಂಬ ಕಾರಣ ಸಂಖ್ಯೆಯೊಂದಿಗೆ ಬರಬಹುದು. ಡಮ್ಮಿ ಡೇಟಾಸೆಟ್‌ಗೆ ಬ್ಲಾಕ್ ಗಾತ್ರವೂ ಇಲ್ಲ, ಬಫರ್ ಗಾತ್ರವೂ ಇಲ್ಲ ಎಂಬುದೇ ಆ ಸಂಖ್ಯೆಯ ಅರ್ಥ.

ಹಾಗಾದರೆ ಡಿಡಿ ಸಾಲಿನಲ್ಲೇ ಡಿಸಿಬಿ, ಅಂದರೆ ಈ ಗುಣಗಳ ವಿವರ, ಬರೆದುಬಿಡೋಣ ಎಂದು ಮನಸ್ಸಿಗೆ ಬರುವುದು ಸಹಜ. ಡಮ್ಮಿ ಮಾತ್ರವೇ ಬರುವ ಜಾಗದಲ್ಲಿ ಅದು ಸರಿಯೇ. ಆದರೆ ನಮ್ಮ ಪ್ರೊಸೀಜರ್‌ನಲ್ಲಿ ಅದೇ ಸಾಲಿಗೆ ಕೆಲವು ದಿನ ನಿಜವಾದ ಕಡತ ಬರುತ್ತದೆ, ಆ ದಿನವೂ ಡಿಸಿಬಿ ಅಲ್ಲೇ ಇರುತ್ತದೆ. ಗುಣಗಳನ್ನು ಒಟ್ಟುಗೂಡಿಸುವಾಗ ಮೊದಲ ಮಾತು ಪ್ರೋಗ್ರಾಮ್‌ನದು, ನಂತರ ಡಿಡಿ ಸಾಲಿನದು, ಕೊನೆಗೆ ಲೇಬಲ್‌ನದು. ಹಿಂದಿನವರು ಖಾಲಿ ಬಿಟ್ಟದ್ದನ್ನಷ್ಟೇ ಮುಂದಿನವರು ತುಂಬುತ್ತಾರೆ. ಡಿಡಿಯಲ್ಲಿ ಬ್ಲಾಕ್ ಗಾತ್ರ 8000 ಎಂದಿದ್ದು, ಬಂದ ಕಡತದ ಬ್ಲಾಕ್‌ಗಳು 27920 ಬೈಟ್‌ನವಾಗಿದ್ದರೆ ಲೇಬಲ್‌ನ ಮಾತು ನಡೆಯುವುದಿಲ್ಲ, ಓದು ಎಸ್001ರಲ್ಲಿ ಮುರಿದುಬೀಳುತ್ತದೆ. ಡಮ್ಮಿಯ ದಿನಗಳಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಪ್ರೊಸೀಜರ್, ನಿಜವಾದ ಕಡತ ಬಂದ ಮೊದಲ ರಾತ್ರಿಯೇ ಬೀಳುವುದಕ್ಕೆ ಇದೂ ಒಂದು ಕಾರಣ.

ಒಂದರ ಹಿಂದೆ ಒಂದು: ಕನ್‌ಕ್ಯಾಟಿನೇಷನ್

ಈಗ ಮೂರು ಶಾಖೆಗಳ ಕಡತಗಳಿಗೆ ಬರೋಣ. ಒಂದೇ ಡಿಡಿ ಹೆಸರಿನ ಕೆಳಗೆ ಮೂರು ಡೇಟಾಸೆಟ್‌ಗಳನ್ನು ಸಾಲಾಗಿ ಬರೆದರೆ ಪ್ರೋಗ್ರಾಮ್‌ಗೆ ಅವು ಒಂದೇ ಉದ್ದನೆಯ ಕಡತದಂತೆ ಕಾಣುತ್ತವೆ:

//ಟ್ರಾನ್ಸ್ ಡಿಡಿ ಡಿಎಸ್‌ಎನ್=&ಶಾಖೆ1,ಡಿಸ್ಪ್=ಎಸ್‌ಎಚ್‌ಆರ್
//      ಡಿಡಿ ಡಿಎಸ್‌ಎನ್=&ಶಾಖೆ2,ಡಿಸ್ಪ್=ಎಸ್‌ಎಚ್‌ಆರ್
//      ಡಿಡಿ ಡಿಎಸ್‌ಎನ್=&ಶಾಖೆ3,ಡಿಸ್ಪ್=ಎಸ್‌ಎಚ್‌ಆರ್

ಇಲ್ಲಿ ಶಾಖೆ2ರ ಪೂರ್ವನಿಗದಿತ ಬೆಲೆಯಾಗಿ ನಲ್‌ಫೈಲ್ ಇಟ್ಟರೆ ಏನಾಗುತ್ತದೆ? ಎರಡನೆಯದನ್ನು ಬಿಟ್ಟು ಮೂರನೆಯದನ್ನು ಓದುತ್ತದೆ ಎಂದು ಬಹುತೇಕ ಎಲ್ಲರೂ ಹೇಳುತ್ತಾರೆ. ಹಾಗಾಗುವುದಿಲ್ಲ. ಸಾಲಿನಲ್ಲಿ ಡಮ್ಮಿ ಸಿಕ್ಕಿದ ಕೂಡಲೇ ವ್ಯವಸ್ಥೆ ಇಡೀ ಸಾಲೇ ಮುಗಿಯಿತು ಎಂದು ಪ್ರೋಗ್ರಾಮ್‌ಗೆ ತಿಳಿಸುತ್ತದೆ, ಅದರ ನಂತರ ಇರುವ ಡೇಟಾಸೆಟ್‌ಗಳನ್ನು ಮುಟ್ಟುವುದೇ ಇಲ್ಲ.

ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ನಡುವೆ ಒಂದು ಎಲೆಯ ಮುಂದೆ ಯಾರೂ ಕುಳಿತಿಲ್ಲ ಎಂದರೆ ಬಡಿಸುವವರು ಆ ಎಲೆಯನ್ನು ದಾಟಿ ಮುಂದಿನ ಎಲೆಗೆ ಹೋಗುತ್ತಾರೆ. ಖಾಲಿ ಡೇಟಾಸೆಟ್ ವರ್ತಿಸುವುದು ಹೀಗೆ. ಎಲೆಯೇ ಹಾಸದೆ ಅಲ್ಲಿ ಗೋಡೆಯೊಂದು ಎದ್ದಿದ್ದರೆ ಪಂಕ್ತಿ ಇಲ್ಲಿಗೆ ಮುಗಿಯಿತು ಎಂದುಕೊಂಡು ಹಿಂದಿರುಗುತ್ತಾರೆ, ಗೋಡೆಯ ಆಚೆ ಕುಳಿತವರು ಹಸಿದುಕೊಂಡೇ ಇರುತ್ತಾರೆ. ಡಮ್ಮಿ ಆ ಗೋಡೆ.

ಇದನ್ನು ನಾನು ಕಲಿತದ್ದು ನಾನೇ ಬರೆದ ಪ್ರೊಸೀಜರ್‌ನಿಂದ. ಒಂದು ಘಟಕಕ್ಕೆ ಸ್ಥಳೀಯ ರಜೆ ಇದ್ದ ದಿನ ಅದರ ಕಡತ ಬರಲಿಲ್ಲ, ನಡುವಿನ ಜಾಗಕ್ಕೆ ನಲ್‌ಫೈಲ್ ಕುಳಿತುಕೊಂಡಿತು, ಅದರ ನಂತರವಿದ್ದ ಕಡತದ ಒಂದು ರೆಕಾರ್ಡ್ ಕೂಡ ಓದಲ್ಪಡಲಿಲ್ಲ. ಅಬೆಂಡ್ ಆಗಿದ್ದರೆ ರಾತ್ರಿಯೇ ಫೋನ್ ಬರುತ್ತಿತ್ತು. ಜಾಬ್ ರಿಟರ್ನ್ ಕೋಡ್ 0 ಕೊಟ್ಟು ಮುಗಿದಿತ್ತು. ಮರುದಿನ ಬೆಳಿಗ್ಗೆ ಮೊತ್ತಗಳನ್ನು ತಾಳೆ ನೋಡುವವರು ವ್ಯತ್ಯಾಸ ಹಿಡಿದರು. ಕಾರಣ ಹುಡುಕಲು ನಮಗೆ ಅರ್ಧ ದಿನ ಬೇಕಾಯಿತು, ಏಕೆಂದರೆ ಜೆಸಿಎಲ್ ನೋಡಿದವರೆಲ್ಲ "ಮೂರನೇ ಫೈಲ್ ಇದೆಯಲ್ಲ" ಎಂದೇ ಹೇಳುತ್ತಿದ್ದರು. ಮುರಿದುಬೀಳುವ ತಪ್ಪಿಗಿಂತ ಸದ್ದಿಲ್ಲದೆ ಯಶಸ್ವಿಯಾಗುವ ತಪ್ಪು ಎಷ್ಟು ಅಪಾಯಕಾರಿ ಎಂಬುದು ಅಂದು ಮನದಟ್ಟಾಯಿತು.

ಆದ್ದರಿಂದ ನಾನು ಪಾಲಿಸುವ ನಿಯಮ ಇದು: ಪ್ರೊಸೀಜರ್‌ನ ಕನ್‌ಕ್ಯಾಟಿನೇಷನ್‌ನಲ್ಲಿ ಜಾಗ ಹಿಡಿಯಲು ಡಮ್ಮಿಯನ್ನಾಗಲಿ ನಲ್‌ಫೈಲನ್ನಾಗಲಿ ಎಂದೂ ಬಳಸಬಾರದು. ಕೊನೆಯ ಸ್ಥಾನದಲ್ಲಿ ಇಟ್ಟರೆ ಇಂದು ಹಾನಿಯಿಲ್ಲ, ನಿಜ. ಆದರೆ ನಾಳೆ ಯಾರೋ ಅದರ ಕೆಳಗೆ ನಾಲ್ಕನೆಯ ಶಾಖೆಯನ್ನು ಸೇರಿಸುತ್ತಾರೆ. ಅಲ್ಲಿ ಇರಬೇಕಾದದ್ದು ಕ್ಯಾಟಲಾಗ್‌ನಲ್ಲಿ ದಾಖಲಾದ, ನಿಜವಾಗಿ ಅಸ್ತಿತ್ವದಲ್ಲಿರುವ, ಒಂದೂ ರೆಕಾರ್ಡ್ ಇಲ್ಲದ ಡೇಟಾಸೆಟ್. ಅದಕ್ಕೆ ತನ್ನದೇ ಲೇಬಲ್ ಇರುವುದರಿಂದ ಡಿಡಿ ಸಾಲಿನಲ್ಲಿ ಡಿಸಿಬಿ ಬರೆಯಬೇಕಾಗಿಲ್ಲ, ಹಾಗಾಗಿ ಹಿಂದೆ ಹೇಳಿದ ಬ್ಲಾಕ್ ಗಾತ್ರದ ತೊಡಕೂ ತಪ್ಪುತ್ತದೆ. ಈ ಎರಡನೆಯ ಕಾರಣಕ್ಕಾಗಿ ತಿದ್ದುಪಡಿ ಕಡತದಂಥ ಒಂಟಿ ಜಾಗದಲ್ಲೂ ನಾನು ನಲ್‌ಫೈಲ್ ಬಿಟ್ಟು ಖಾಲಿ ಡೇಟಾಸೆಟ್ಟನ್ನೇ ಇಡುತ್ತೇನೆ.

ಖಾಲಿ ಡೇಟಾಸೆಟ್ ತಯಾರಿಸುವ ಬಗೆ

ತಾನಾಗಿ ಏನೂ ಮಾಡದ ಐಇಎಫ್‌ಬಿಆರ್14 ಎಂಬ ಪ್ರೋಗ್ರಾಮ್‌ನಿಂದ ಒಂದು ಡೇಟಾಸೆಟ್ ಹುಟ್ಟಿಸಿದರೆ ಅದು ಖಾಲಿಯೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಆ ಪ್ರೋಗ್ರಾಮ್ ಯಾವ ಕಡತವನ್ನೂ ಓಪನ್ ಮಾಡುವುದಿಲ್ಲ. ಓಪನ್ ಮಾಡಿ ಕ್ಲೋಸ್ ಮಾಡದಿದ್ದರೆ ಕಡತ ಇಲ್ಲಿಗೆ ಮುಗಿಯಿತು ಎಂಬ ಗುರುತು ಡಿಸ್ಕಿನ ಮೇಲೆ ಬೀಳುವುದಿಲ್ಲ. ಎಸ್‌ಎಂಎಸ್ (ಡಿಸ್ಕ್ ಜಾಗವನ್ನು ತಾನಾಗಿ ನೋಡಿಕೊಳ್ಳುವ ವ್ಯವಸ್ಥೆ) ನಿರ್ವಹಣೆಯಲ್ಲಿರುವ ಡೇಟಾಸೆಟ್‌ಗಳಿಗೆ, ಡಿಎಸ್‌ಓಆರ್‌ಜಿ=ಪಿಎಸ್ ಎಂದು ಸ್ಪಷ್ಟವಾಗಿ ಹೇಳಿದ್ದರೆ, ಆ ಗುರುತನ್ನು ಹಂಚಿಕೆಯ ಹೊತ್ತಿನಲ್ಲೇ ವ್ಯವಸ್ಥೆ ಬರೆಯುತ್ತದೆ. ಆದರೆ ಝಡ್/ಓಎಸ್‌ನ ಹಳೆಯ ಆವೃತ್ತಿಗಳಲ್ಲಿ ಎಸ್‌ಎಂಎಸ್ ಹೊರಗಿನ ಡಿಸ್ಕಿನಲ್ಲಿ ಹಾಗಿರಲಿಲ್ಲ, ಆ ಟ್ರ್ಯಾಕಿನಲ್ಲಿ ಮೊದಲು ಯಾರದೋ ಕಡತ ಇದ್ದಿದ್ದರೆ ಅದರ ಹಳೆಯ ರೆಕಾರ್ಡ್‌ಗಳು ನಮ್ಮ "ಖಾಲಿ" ಕಡತದಿಂದ ಓದಲ್ಪಡುವ ಸಾಧ್ಯತೆ ಇತ್ತು. ವಹಿವಾಟು ಪೋಸ್ಟ್ ಮಾಡುವ ಪ್ರೋಗ್ರಾಮ್‌ಗೆ ಅದನ್ನು ಉಣಿಸುವ ಅಪಾಯಕ್ಕೆ ಕೈಹಾಕಬಾರದು. ಐಇಬಿಜೆನರ್ ಬಳಸಿದರೆ ಈ ಸಂಶಯವೇ ಉಳಿಯುವುದಿಲ್ಲ:

//ಮೇಕ್ ಎಕ್ಸೆಕ್ ಪಿಜಿಎಂ=ಐಇಬಿಜೆನರ್
//ಸಿಸ್‌ಪ್ರಿಂಟ್ ಡಿಡಿ ಸಿಸ್‌ಔಟ್=*
//ಸಿಸ್‌ಇನ್ ಡಿಡಿ ಡಮ್ಮಿ
//ಸಿಸ್‌ಯುಟಿ1 ಡಿಡಿ ಡಮ್ಮಿ,
//      ಡಿಸಿಬಿ=(ರೆಕ್‌ಎಫ್‌ಎಂ=ಎಫ್‌ಬಿ,ಎಲ್‌ರೆಕ್‌ಎಲ್=80,ಬಿಎಲ್‌ಕೆಸೈಜ್=27920)
//ಸಿಸ್‌ಯುಟಿ2 ಡಿಡಿ ಡಿಎಸ್‌ಎನ್=ಪ್ರಾಡ್.ಕಾಮನ್.ಖಾಲಿ.ಎಫ್‌ಬಿ80,
//      ಡಿಸ್ಪ್=(ನ್ಯೂ,ಸಿಎಟಿಎಲ್‌ಜಿ,ಡಿಲೀಟ್),
//      ಯೂನಿಟ್=ಸಿಸ್‌ಡಿಎ,ಸ್ಪೇಸ್=(ಟಿಆರ್‌ಕೆ,1),
//      ಡಿಸಿಬಿ=(ರೆಕ್‌ಎಫ್‌ಎಂ=ಎಫ್‌ಬಿ,ಎಲ್‌ರೆಕ್‌ಎಲ್=80,ಬಿಎಲ್‌ಕೆಸೈಜ್=27920)

ಸಿಸ್‌ಯುಟಿ1ರಲ್ಲಿ ಡಮ್ಮಿ ತನ್ನ ಸರಿಯಾದ ಕೆಲಸವನ್ನು ಮಾಡುತ್ತದೆ: ಮೊದಲ ಓದಿನಲ್ಲೇ ಮುಗಿಯಿತು ಎನ್ನುತ್ತದೆ, ಐಇಬಿಜೆನರ್ ಸಿಸ್‌ಯುಟಿ2ನ್ನು ಓಪನ್ ಮಾಡಿ ಏನೂ ಬರೆಯದೆ ಕ್ಲೋಸ್ ಮಾಡುತ್ತದೆ, ಕ್ಲೋಸ್ ಆಗುವಾಗ ಅಂತ್ಯದ ಗುರುತು ಬೀಳುತ್ತದೆ. 27920 ಎಂಬುದು 80ರ 349 ಪಟ್ಟು, 3390 ಡಿಸ್ಕಿನ ಅರ್ಧ ಟ್ರ್ಯಾಕಿನಲ್ಲಿ ಹಿಡಿಸುವ ದೊಡ್ಡ ಗಾತ್ರ.

ಕನ್‌ಕ್ಯಾಟಿನೇಷನ್‌ನಲ್ಲಿ ಕೂರುವ ಖಾಲಿ ಡೇಟಾಸೆಟ್‌ನ ರೆಕಾರ್ಡ್ ರೂಪ ಮತ್ತು ಉದ್ದ ಅದರ ನೆರೆಹೊರೆಯ ಕಡತಗಳಂತೆಯೇ ಇರಬೇಕು. 80 ಬೈಟ್‌ಗಳ ಸಾಲಿನ ನಡುವೆ 133 ಬೈಟ್‌ನ ಖಾಲಿ ಕಡತ ಇಟ್ಟರೆ, ಅದರಲ್ಲಿ ರೆಕಾರ್ಡ್ ಇಲ್ಲದಿದ್ದರೂ, ಓಪನ್ ಹಂತದಲ್ಲಿ ತೊಂದರೆ ಏಳಬಹುದು. ಸಾಲಿನ ಮೊದಲ ಸ್ಥಾನದಲ್ಲಿ ಖಾಲಿ ಕಡತ ಇರುವಾಗ ಇನ್ನೂ ಎಚ್ಚರ ಬೇಕು, ಪ್ರೋಗ್ರಾಮ್ ಗುಣಗಳನ್ನು ಪಡೆಯುವುದು ಮೊದಲ ಡೇಟಾಸೆಟ್‌ನಿಂದ. ಆದ್ದರಿಂದ ಒಂದೊಂದು ರೂಪಕ್ಕೆ ಒಂದೊಂದು ಖಾಲಿ ಡೇಟಾಸೆಟ್ ಮಾಡಿ, ಹೆಸರಿನ ಕೊನೆಯ ಭಾಗದಲ್ಲೇ ಆ ರೂಪವನ್ನು ಬರೆದಿಡುವುದು ಒಳ್ಳೆಯದು. ಎಫ್‌ಬಿ80 ಎಂದು ಹೆಸರೇ ಹೇಳಿದರೆ ಮುಂದೆ ಬರುವವರು ಯಾರನ್ನೂ ಕೇಳಬೇಕಾಗಿಲ್ಲ.

ಎಲ್ಲರದೂ ಆದ ಕಡತವನ್ನು ಕಾಯುವುದು

ನೂರು ಜಾಬ್‌ಗಳು ಓದುವ ಒಂದು ಖಾಲಿ ಕಡತ ಹಳ್ಳಿಯ ಬಾವಿಯಂತೆ, ಒಬ್ಬರ ಅಜಾಗರೂಕತೆ ಎಲ್ಲರಿಗೂ ತಟ್ಟುತ್ತದೆ. ಪ್ರೊಸೀಜರ್‌ನಲ್ಲಿ ಅದಕ್ಕೆ ಡಿಸ್ಪ್=ಎಸ್‌ಎಚ್‌ಆರ್ ಮಾತ್ರ ಇರಬೇಕು. ಓಲ್ಡ್ ಎಂದು ಬರೆದರೆ ಒಂದು ಜಾಬ್ ಅದನ್ನು ಹಿಡಿದಿರುವಷ್ಟು ಹೊತ್ತು ಉಳಿದವೆಲ್ಲ ಸಾಲುಗಟ್ಟಿ ಕಾಯುತ್ತವೆ. ಓಲ್ಡ್ ಜೊತೆಗೆ ಡಿಲೀಟ್ ಕೂಡ ಇದ್ದರೆ, ಓದಿ ಮುಗಿಸಿದ ಶಾಖೆ ಕಡತವನ್ನು ಅಳಿಸುವ ಉದ್ದೇಶದಿಂದ ಬರೆದ ಆ ಸಾಲು, ರಜೆಯ ದಿನ ಎಲ್ಲರ ಖಾಲಿ ಕಡತವನ್ನೇ ಅಳಿಸಿಬಿಡುತ್ತದೆ. ಆಮೇಲೆ ಬರುವ ಪ್ರತಿಯೊಂದು ಜಾಬ್ ಡೇಟಾಸೆಟ್ ಸಿಗಲಿಲ್ಲ ಎಂಬ ಜೆಸಿಎಲ್ ಎರರ್‌ನಲ್ಲಿ ನಿಲ್ಲುತ್ತದೆ. ಶಾಖೆ ಕಡತಗಳನ್ನು ಅಳಿಸಬೇಕಿದ್ದರೆ ಅದಕ್ಕೆ ಬೇರೆಯೇ ಸ್ಟೆಪ್ ಇರಲಿ.

ರ‍್ಯಾಕ್‌ಎಫ್ (ಯಾರು ಏನು ಮುಟ್ಟಬಹುದೆಂದು ಕಾಯುವ ಭದ್ರತಾ ವ್ಯವಸ್ಥೆ) ಅನುಮತಿಯಲ್ಲಿ ಈ ಹೆಸರುಗಳನ್ನು ಎಲ್ಲರಿಗೂ ಓದಲು ಮಾತ್ರ ಬಿಟ್ಟು, ಬರೆಯುವ ಹಕ್ಕನ್ನು ಒಂದಿಬ್ಬರಿಗೆ ಕೊಡುವಂತೆ ಭದ್ರತಾ ತಂಡವನ್ನು ಕೇಳಿಕೊಳ್ಳಬೇಕು. ಯಾರಾದರೂ ತಪ್ಪಿ ಅದಕ್ಕೆ ರೆಕಾರ್ಡ್ ಬರೆದರೆ ಆ ರಾತ್ರಿ ಎಲ್ಲ ಜಾಬ್‌ಗಳೂ ಅದನ್ನು ನಿಜವಾದ ವಹಿವಾಟು ಎಂದೇ ಓದುತ್ತವೆ. ಬಹುದಿನ ಬಳಕೆಯಾಗದ ಡೇಟಾಸೆಟ್‌ಗಳನ್ನು ಎಚ್‌ಎಸ್‌ಎಂ ಬೇರೆಡೆಗೆ ಸಾಗಿಸದಂತೆ ಸೂಕ್ತ ಮ್ಯಾನೇಜ್‌ಮೆಂಟ್ ಕ್ಲಾಸ್ ಕೊಡಿಸುವುದೂ ಅಗತ್ಯ. ಇಲ್ಲವಾದರೆ ಒಂದೂ ರೆಕಾರ್ಡ್ ಇಲ್ಲದ ಕಡತವನ್ನು ಮರಳಿ ತರಿಸಲು ಜಾಬ್ ಕಾಯುತ್ತಾ ಕೂರುತ್ತದೆ.

ಡಿಡಿನೇಮ್ ಮತ್ತು ಓವರ್‌ರೈಡ್

ನಿಯಂತ್ರಣ ಸಾಲುಗಳಿಗೆ ಇನ್ನೊಂದು ದಾರಿ ಇದೆ. ಪ್ರೊಸೀಜರ್‌ನಲ್ಲಿ ಸಿಸ್‌ಇನ್ ಡಿಡಿ ಡಿಡಿನೇಮ್=ಕಂಟ್ರೋಲ್ ಎಂದು ಬರೆದರೆ, ನಿಜವಾದ ವಿವರವನ್ನು ಮುಂದೆ ಕಂಟ್ರೋಲ್ ಎಂಬ ಹೆಸರಿನ ಡಿಡಿಯಲ್ಲಿ ಕೊಡುತ್ತೇನೆ ಎಂದರ್ಥ. ಕರೆಯುವ ಜಾಬ್ ಆ ಹೆಸರಿನಲ್ಲಿ ಸಾಲುಗಳನ್ನು ಕೊಟ್ಟರೆ ಅವು ಸಿಸ್‌ಇನ್‌ಗೆ ತಲುಪುತ್ತವೆ. ಕೊಡದಿದ್ದರೆ ವ್ಯವಸ್ಥೆ ಸಿಸ್‌ಇನ್ನನ್ನು ಡಮ್ಮಿ ಎಂದು ಪರಿಗಣಿಸಿ, ಐಇಎಫ್686ಐ ಎಂಬ ಸಂದೇಶ ಬರೆದು ಮುಂದುವರಿಯುತ್ತದೆ. ಪ್ರೊಸೀಜರ್‌ನ ಒಳಗೇ ಸಾಲುಗಳನ್ನು ಬರೆದಿಡುವ ಸೌಲಭ್ಯ ಝಡ್/ಓಎಸ್ 1.13ರಿಂದ, ಜಾಬ್‌ಗಳನ್ನು ಸ್ವೀಕರಿಸುವ ಜೆಇಎಸ್2ರಲ್ಲಿ ಬಂದಿದೆ. ಆದರೂ ಪ್ರತಿ ಜಾಬ್‌ಗೂ ಸಾಲುಗಳು ಬೇರೆಯಾಗುವಲ್ಲಿ ಡಿಡಿನೇಮ್ ಇಂದಿಗೂ ಅನುಕೂಲ.

ಸಿಂಬಾಲಿಕ್ ಇಲ್ಲದ ಹಳೆಯ ಪ್ರೊಸೀಜರ್‌ಗಳನ್ನು ಓವರ್‌ರೈಡ್ ಮೂಲಕ, ಅಂದರೆ ಪ್ರೊಸೀಜರ್‌ನ ಸಾಲಿಗೆ ಬದಲಿಯನ್ನು ಜಾಬ್‌ನಲ್ಲೇ ಬರೆದು, ತಿದ್ದಬೇಕಾಗುತ್ತದೆ. ಪ್ರೊಸೀಜರ್‌ನಲ್ಲಿ ಡಮ್ಮಿ ಇದ್ದ ಡಿಡಿಗೆ ಜಾಬ್‌ನಲ್ಲಿ ನಲ್‌ಫೈಲ್ ಅಲ್ಲದ ಡಿಎಸ್‌ಎನ್ ಕೊಟ್ಟರೆ ಡಮ್ಮಿ ತಾನಾಗಿ ರದ್ದಾಗುತ್ತದೆ. ಕನ್‌ಕ್ಯಾಟಿನೇಷನ್‌ನಲ್ಲಿ ಎರಡನೆಯದನ್ನು ಮಾತ್ರ ಬದಲಿಸಬೇಕಾದರೆ ಮೊದಲನೆಯದಕ್ಕೆ ಖಾಲಿ ಡಿಡಿ ಸಾಲೊಂದನ್ನು ಬರೆಯಬೇಕು:

//ಎಸ್1.ಟ್ರಾನ್ಸ್ ಡಿಡಿ
//      ಡಿಡಿ ಡಿಎಸ್‌ಎನ್=ಪ್ರಾಡ್.ಕಾಮನ್.ಖಾಲಿ.ಎಫ್‌ಬಿ80,ಡಿಸ್ಪ್=ಎಸ್‌ಎಚ್‌ಆರ್

ಒಂದೇ ಸಾಲು ಬರೆದರೆ ಮೊದಲನೆಯ ಕಡತವಷ್ಟೇ ಬದಲಾಗುತ್ತದೆ, ಉಳಿದವು ಹಾಗೆಯೇ ಇರುತ್ತವೆ. ಮೊದಲನೆಯದನ್ನು ಡಮ್ಮಿ ಮಾಡಿದರೆ ಏನಾಗುತ್ತದೆ ಎಂಬುದು ಈಗ ಹೇಳದೆಯೇ ತಿಳಿದಿರಬೇಕು. ಸಿಂಬಾಲಿಕ್ ಬಳಸಿ ಹೆಸರಿನ ಮೊದಲ ಭಾಗ ಬದಲಿಸುವವರು ಎರಡು ಚುಕ್ಕಿಗಳನ್ನು ಮರೆಯಬಾರದು: &ಪರಿಸರ..ಕಾಮನ್.ಖಾಲಿ ಎಂಬಲ್ಲಿ ಮೊದಲ ಚುಕ್ಕಿ ಸಿಂಬಾಲಿಕ್ ಮುಗಿಯಿತು ಎಂದು ಹೇಳುವುದಕ್ಕೆ ಖರ್ಚಾಗುತ್ತದೆ, ಎರಡನೆಯದು ಮಾತ್ರ ಹೆಸರಿನಲ್ಲಿ ಉಳಿಯುತ್ತದೆ.

ಪ್ರೊಸೀಜರನ್ನು ಲೈಬ್ರರಿಗೆ ಕಳಿಸುವ ಮೊದಲು ಜಾಬ್‌ನ ಒಳಗೇ ಪ್ರಾಕ್ (ಆರಂಭ) ಮತ್ತು ಪೆಂಡ್ (ಅಂತ್ಯ) ಸಾಲುಗಳ ನಡುವೆ ಇಟ್ಟು ಓಡಿಸಿ ನೋಡಬೇಕು. ಟೈಪ್‌ರನ್=ಸ್ಕ್ಯಾನ್ ವ್ಯಾಕರಣವನ್ನು ಮಾತ್ರ ನೋಡುತ್ತದೆ, ಖಾಲಿ ಡೇಟಾಸೆಟ್ ನಿಜವಾಗಿ ಇದೆಯೇ ಎಂದು ಹುಡುಕುವುದಿಲ್ಲ. ಆದ್ದರಿಂದ ಪರೀಕ್ಷಾ ಪರಿಸರದಲ್ಲಿ ಒಮ್ಮೆಯಾದರೂ ನಿಜವಾಗಿ ಓಡಿಸಲೇಬೇಕು. ಓಡಿದ ಮೇಲೆ ಜಾಬ್‌ನ ಔಟ್‌ಪುಟ್ ಸೇರುವ ಸ್ಪೂಲ್‌ನಲ್ಲಿ ಐಇಎಫ್‌ಸಿ653ಐ ಸಂದೇಶಗಳನ್ನು ಓದಿದರೆ ಪ್ರತಿಯೊಂದು ಸಿಂಬಾಲಿಕ್‌ನ ಜಾಗದಲ್ಲಿ ಯಾವ ಬೆಲೆ ಕುಳಿತಿದೆ ಎಂದು ಕಾಣುತ್ತದೆ. ಹಂಚಿಕೆಯ ಸಂದೇಶಗಳಲ್ಲಿ ಐಇಎಫ್237ಐ ಸಾಲಿನಲ್ಲಿ ಸಾಧನದ ಸಂಖ್ಯೆಯ ಬದಲು ಡಿಎಂವೈ ಎಂಬ ಮೂರು ಅಕ್ಷರ ಇದ್ದರೆ ಆ ಡಿಡಿ ಡಮ್ಮಿಯಾಗಿದೆ. ಟ್ರಾನ್ಸ್ ಎಂಬ ಹೆಸರಿನ ಕೆಳಗೆ, ಎಷ್ಟನೆಯ ಸ್ಥಾನದಲ್ಲೇ ಆಗಲಿ, ಆ ಮೂರು ಅಕ್ಷರ ಕಂಡರೆ ಪ್ರೊಸೀಜರನ್ನು ಲೈಬ್ರರಿಗೆ ಕಳಿಸಬೇಡಿ. ಕೊನೆಯದಾಗಿ, ನಡುವಿನ ಶಾಖೆಯ ಜಾಗದಲ್ಲಿ ಖಾಲಿ ಡೇಟಾಸೆಟ್ ಇಟ್ಟು, ಮೂರನೆಯ ಶಾಖೆಗೆ ಎಣಿಕೆ ಗೊತ್ತಿರುವ ಹತ್ತು ರೆಕಾರ್ಡ್ ಕೊಟ್ಟು ಓಡಿಸಿ, ಪ್ರೋಗ್ರಾಮ್ ಓದಿದ ಒಟ್ಟು ಸಂಖ್ಯೆಯಲ್ಲಿ ಆ ಹತ್ತೂ ಸೇರಿವೆಯೇ ಎಂದು ಎಣಿಸಿ ನೋಡಿ.